ನುಡಿನಮನಕ್ಕೆ ಕಾದು ಕುಳಿತವನು

ನನ್ನ ತಮ್ಮ ನಿತ್ಯಾನಂದನಿಗೆ ಬಿ.ಸಿ.ರೋಡಿನಲ್ಲಿ ಹೋಟೆಲು. ಆದರೆ ಅವನಿಗೆ ಹೆಸರು ಬಂದದ್ದು ಸಾಂಬಾರಿನಿಂದಲ್ಲ, ನುಡಿನಮನದಿಂದ. ನಮ್ಮ ಕಡೆ ಉತ್ತರಕ್ರಿಯೆಯ ದಿನ ಊಟಕ್ಕೆ ಎಲೆ ಹಾಕುವ ಮೊದಲು ಯಾರಾದರೂ ಮೈಕ್ ಹಿಡಿದು ತೀರಿಹೋದವರ ಬಗ್ಗೆ ನಾಲ್ಕು ಮಾತು ಹೇಳಬೇಕು. ಬಂಟ್ವಾಳದಿಂದ ವೇಣೂರಿನವರೆಗೆ ಆ ನಾಲ್ಕು ಮಾತು ಇವನದ್ದೇ, ಮತ್ತು ಅದು ನಾಲ್ಕಕ್ಕೆ ಯಾವತ್ತೂ ನಿಂತದ್ದಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತಾರೆ. ದುಃಖಕ್ಕೋ ಹಸಿವಿಗೋ ಎಂದು ನಾನು ಕೇಳಲು ಹೋಗಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಮೂಡುಬಿದಿರೆಯ ನನ್ನ ಮನೆಗೆ ಬಂದ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಇಂಗ್ಲಿಷ್ ಬೇಕಾದಾಗ ಮಾತ್ರ ಇವನಿಗೆ ಅಕ್ಕನ ನೆನಪಾಗುತ್ತದೆ.

"ಅಕ್ಕ, ಸಲಾಂನ ಹೆಂಡತಿ ಬೀಬಿ ತೀರಿಹೋದ್ರಲ್ಲ. ಅವರ ನುಡಿನಮನಕ್ಕೆ ಇಂಗ್ಲಿಷಿನಲ್ಲಿ ಮಾತಾಡ್ಬೇಕು. ಮಗ ಝಿಯಾದ್ ದುಬಾಯಿಯಿಂದ ಬಂದಿದ್ದಾನೆ, ಅವನ ಮಕ್ಕಳಿಗೆ ಇಂಗ್ಲಿಷ್ ಮಾತ್ರ ಅರ್ಥ ಆಗುವುದು. ದುಃಖಕ್ಕೆ ತುಂಬ ಭಾರದ ಶಬ್ದ ಯಾವುದು?"

ಅಬ್ದುಲ್ ಸಲಾಂ ಇವನ ಶಾಲೆಯ ದಿನಗಳ ಜೊತೆಗಾರ. ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿ. ಶುಕ್ರವಾರ ಸಲಾಂನ ಮನೆಯಲ್ಲಿ ಇವನಿಗೆ ಚಹಾ ಆಗದಿದ್ದರೆ ಆ ವಾರ ಪೂರ್ತಿ ಆಗುತ್ತಿರಲಿಲ್ಲ.

"ನೀನು ಎಂತ ಹೇಳುವುದು ಅಂತ ಮಾಡಿದ್ದಿ?"

ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಡೀಪ್ ಸಾರೋ. ಗ್ರೇಟ್ ಗ್ರೀಫ್. ಅನ್‌ಲಿಮಿಟೆಡ್ ಮಿಸರಿ."

"ಅನ್‌ಲಿಮಿಟೆಡ್ ನಿನ್ನ ಹೋಟೆಲಿನ ಊಟ ಮಾರಾಯ. ಕೂತ್ಕೋ."

"ಎಲ್ಲ ಒಂದೇ ಅಲ್ವಾ? ಅಳುವ ಶಬ್ದಗಳು."

"ಇಡ್ಲಿಯೂ ಬನ್ಸೂ ಒಂದೇ ಅಂತ ಗಿರಾಕಿಗೆ ಹೇಳ್ತೀಯಾ?"

ಅವನಿಗೆ ಸಿಟ್ಟು ಬಂತು, ನನಗೆ ಹುರುಪು ಬಂತು. ಕಲಿಸುವ ಚಟ ನಿವೃತ್ತಿಯಿಂದ ಹೋಗುವಂಥದ್ದಲ್ಲ. "ಬಸ್ಸು ತಪ್ಪಿದ್ರೆ ಸ್ಯಾಡ್. ಅಲ್ಲಿಗೆ ಗ್ರೀಫ್ ತರಬೇಡ. ಗ್ರೀಫ್ ಅಂದ್ರೆ ನಮ್ಮವರೊಬ್ಬರು ಹೋದಾಗ ಎದೆಗೆ ಬೀಳುವ ಪೆಟ್ಟು. ಪೆಟ್ಟು ಹಳತಾಗಿ ಮನೆಯಲ್ಲೇ ಉಳಿದ್ರೆ ಸಾರೋ. ಅದನ್ನು ಇಟ್ಟುಕೊಂಡೇ ಜನ ಉಣ್ತಾರೆ, ನಗ್ತಾರೆ ಕೂಡ."

"ಮಿಸರಿ?"

"ಅದರಲ್ಲಿ ಮರ್ಯಾದೆಯೇ ಇಲ್ಲ. ಹಲ್ಲುನೋವು, ಸೋರುವ ಮಾಡು, ಕೇಳುವವರಿಲ್ಲದೆ ಬಿದ್ದುಕೊಂಡಿರುವುದು. ಬೀಬಿಯ ಹೆಸರಿನ ಹತ್ತಿರ ಅದನ್ನು ತರಬೇಡ. ಅಂದ ಹಾಗೆ ಸಭೆ ಯಾವತ್ತು?"

"ಅದೇ ಗೊತ್ತಾಗ್ತಾ ಇಲ್ಲ. ತಿಂಗಳಾಗ್ತಾ ಬಂತು, ಆಮಂತ್ರಣ ಬಂದಿಲ್ಲ."

ನಾನು ಕನ್ನಡಕ ತೆಗೆದಿಟ್ಟೆ. "ಅವರಲ್ಲಿ ಮೈಕ್ ಇಟ್ಟು ನುಡಿನಮನ ಮಾಡುವ ಕ್ರಮ ಉಂಟಾ ಮಾರಾಯ? ನೀನು ಮಣ್ಣಿಗೆ ಹೋಗಿದ್ದೆಯಲ್ಲ?"

"ಆವತ್ತು ಮುಂಬೈಯಲ್ಲಿದ್ದೆ."

"ಬಂದ ಮೇಲೆ?"

ಅವನು ನನ್ನ ಕನ್ನಡಕದ ಕಡ್ಡಿ ಮಡಚಿ ಬಿಡಿಸಿದ. ಆಮೇಲೆ, "ವರ್ತಕರ ಸಂಘದವರಾದ್ರೂ ಸಭೆ ಮಾಡ್ತಾರೆ ಅಂತ ಕಾದೆ. ನನ್ನಂಥವನು ಸುಮ್ಮನೆ ಹೋಗಿ ಕೂರ್ಲಿಕ್ಕೆ ಆಗ್ತದಾ?" ಎಂದ.

"ಅಯ್ಯೋ ದೇವರೇ! ಸಲಾಂನ ಹೆಂಡತಿ ಸತ್ತದ್ದಾ, ನಿನ್ನ ಭಾಷಣ ಸ್ಪರ್ಧೆಯಾ?"

ಇನ್ನೂ ಬೈಯುವವಳಿದ್ದೆ. ಆದರೆ ಅವನ ಮುಖ ಇಳಿದುಹೋಗಿತ್ತು. "ಬಾಗಿಲು ತೆಗೆಯುವುದು ಬೀಬಿಯೇ ಅಲ್ವಾ ಅಕ್ಕ. ತೆಗೆದು, 'ನಿತ್ಯಣ್ಣ ಬಂದ್ರು' ಅಂತ ಒಳಗೆ ಕೂಗುವುದು. ಈಗ ಆ ಬಾಗಿಲಿಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಮೈಕ್ ಇದ್ರೆ ನನಗೆ ಹೆದರಿಕೆ ಇಲ್ಲ."

ಪಾಪ ಎನಿಸಿತು. ಸಿಟ್ಟೂ ಹೋಗಲಿಲ್ಲ. ಸೀರೆ ಬದಲಾಯಿಸಿ, "ಏಳು, ಹೋಗುವ" ಎಂದೆ.

ಬಸ್ಸಿನಲ್ಲಿ ಉದ್ದಕ್ಕೂ ಗ್ರೀಫ್, ಸಾರೋ ಎಂದು ಬಾಯಿಪಾಠ ಮಾಡುತ್ತ ಕುಳಿತಿದ್ದ. ಮಣಮಣ ಕೇಳಿ ಪಕ್ಕದ ಸೀಟಿನ ಹೆಂಗಸು ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು.

ಸಲಾಂ ಮನೆಯ ಜಗಲಿಯಲ್ಲೇ ಇದ್ದ. ಬಡವಾಗಿದ್ದ. "ಬನ್ನಿ ಟೀಚರ್" ಎಂದು ನನ್ನನ್ನು ಕರೆದ, ಇವನ ಕಡೆಗೆ ನೋಡಲೇ ಇಲ್ಲ. ಝಿಯಾದ್ ಕುರ್ಚಿ ತಂದಿಟ್ಟು ಚಹಾಕ್ಕೆ ಹೇಳಲು ಒಳಗೆ ಹೋದ. ಕುರ್ಚಿ ಇದ್ದರೂ ನನ್ನ ತಮ್ಮ ನಿಂತೇ ಇದ್ದ. ಕೈ ಮೈಕ್ ಹಿಡಿಯುವ ಎತ್ತರಕ್ಕೆ ಬಂತು. "ಡಿಯರ್ ಸಲಾಂ, ವಿತ್ ಡೀಪ್..." ಎಂದವನು ಅಲ್ಲಿಗೇ ನಿಂತುಬಿಟ್ಟ. ಮಾತಿಗೆ ಅವನು ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಲಾಂ ನನ್ನ ಹತ್ತಿರವೇ ಮಾತಾಡಿದ. "ಟೀಚರ್, ಬೀಬಿ ಹೋದಳು. ಅಲ್ಲಾಹು ಕರೆಸಿಕೊಂಡ, ನಾನು ಎಂತ ಮಾಡ್ಲಿಕ್ಕೆ ಉಂಟು? ಅಳ್ತೇನೆ, ದುವಾ ಮಾಡ್ತೇನೆ. ಆದ್ರೆ ಗೇಟಿನ ಸದ್ದು ಆದಾಗೆಲ್ಲ ಇವನು ಬಂದ ಅಂತ ಎದ್ದು ನೋಡಿ, ಇವನಲ್ಲ ಅಂತ ಪುನಃ ಕೂತುಕೊಳ್ಳುವುದು ಉಂಟಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ?"

"ಮಿಸರಿ" ಎಂದೆ.

"ಅದು ನಾನು ಕೊಟ್ಟದ್ದು" ಎಂದ ನಿತ್ಯಾನಂದ. ಎಂದವನೇ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಸಲಾಂ ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಚಹಾ ಬಂದಾಗ ಒಂದು ಗ್ಲಾಸನ್ನು ತಾನೇ ಎತ್ತಿ ಅವನ ಪಕ್ಕದಲ್ಲಿ ಇಟ್ಟ.

ಹೊರಡುವಾಗ ನಮ್ಮ ಜೊತೆ ಗೇಟಿನವರೆಗೆ ಬಂದ. ಆಗ ಮೊದಲ ಸಲ ಇವನ ಮುಖ ನೋಡಿದ.

"ಇವತ್ತು ನೀನು ಬಂದದ್ದು ಬೀಬಿಗೆ" ಎಂದ. "ನನಗೆ ಅಂತ ನಾಳೆ ಬಾ."