ಗುರುಮೂರ್ತಿ ಕೋಲಿನ ಕೀಲು

ಅನ್ನದಾನಮ್ಮ ಲೇತ್ ಮಶೀನಿನ ಕೆಳಗಿನ ಮರದ ಹೊಟ್ಟು ಗುಡಿಸುತ್ತಿದ್ದಳು. ಕೊಟ್ಟೂರಿನ ಆ ಸಣ್ಣ ಮನೆಯಲ್ಲಿ ಬಂದವರು ಕೂರಲು ಶೆಡ್ಡು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಪಡಸಾಲೆಯಲ್ಲಿ, ತೀರಿಕೊಂಡ ಅವಳ ಗಂಡ ಗುರುಮೂರ್ತಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ.

"ಕಸಬರಿಗಿ ಇತ್ತ ಕೊಡವ್ವ, ಇವತ್ತೂ ನೀನ ಗುಡಿಸಬೇಕೇನು?" ಎಂದಳು ನೆರೆಮನೆಯ ಗಾಳೆಮ್ಮ.

"ಹೊಟ್ಟಿನ್ಯಾಗ ತಿರುಪು ಬಿದ್ದಿರ್ತಾವ. ನಿನಗ ಗೊತ್ತಾಗಲ್ಲ."

"ನಮ್ಮ ಮನಿ ಲಟ್ಟಣಿಗಿ ಇವರ ಕೈದು. ಅದು ಇನ್ನೂ ನೆಟ್ಟಗೈತಿ, ನಮ್ಮ ಮನಿಯಾತ ಬಾಗ್ಯಾನ," ಎಂದಳು ಗಾಳೆಮ್ಮ ಪಡಸಾಲೆಯತ್ತ ನೋಡಿ.

ಶೆಡ್ಡಿನಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಅಷ್ಟರಲ್ಲಿ ಮೈದುನ ಪಂಚಾಕ್ಷರಪ್ಪ ಬಂದ.

"ಅತ್ತಿಗಿ, ಟ್ಯಾಪ್ ಕೊಡ್ರಿ. ಕುಣ್ಯಾಗ ಅಣ್ಣನ ಪಕ್ಕ ಇಡಬೇಕು. ಅವನ ಕಡೀ ಮಾತು."

ಟ್ಯಾಪ್ ಎಂದರೆ ಬೆರಳುದ್ದದ ಉಕ್ಕು, ಮೈತುಂಬ ಹಲ್ಲು. ಗುರುಮೂರ್ತಿ ಮಾಡುತ್ತಿದ್ದ, ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲು ಎರಡು ತುಂಡಿನದು. ಹಿಡಿಯ ತುಂಡಿನ ತುದಿಗೆ ಹಿತ್ತಾಳೆ ತಿರುಪು. ಮುಂದಿನ ತುಂಡಿಗೆ ತೂತು. ಆ ತೂತಿನೊಳಗೆ ತಿರುಪು ಕೂರುವ ಗೆರೆ, ಅಂದರೆ ಥ್ರೆಡ್, ಕೊರೆಯುವುದು ಟ್ಯಾಪಿನ ಕೆಲಸ. ಗುರುಮೂರ್ತಿಗೆ ಅದು ಗುಜರಿಯಲ್ಲಿ ಸಿಕ್ಕಿತ್ತು. ಅಂಥ ಥ್ರೆಡ್ಡಿನದು ಯಾವ ಅಂಗಡಿಯಲ್ಲೂ ಇಲ್ಲ. ಹಾಗಾಗಿ ಅವನ ಕೋಲಿಗೆ ಅವನು ಮಾಡಿದ ತುಂಡೇ ಕೂಡಬೇಕು.

"ಕೊಡಲ್ಲ," ಎಂದು ಅನ್ನದಾನಮ್ಮ ಮತ್ತೆ ಗುಡಿಸತೊಡಗಿದಳು.

* * *

ಹೋದ ವರ್ಷ ತಂಬ್ರಹಳ್ಳಿಯ ದುರುಗೇಶ್ ಗುರುಮೂರ್ತಿ ಮಾಡಿದ ಕೋಲಿನ ಮುಂದಿನ ತುಂಡು ಮುರಿದುಕೊಂಡು ಬಂದಿದ್ದ. ಗುರುಮೂರ್ತಿಗೆ ಆಗಲೇ ಲೇತ್ ಮೇಲೆ ಕೈ ನಿಲ್ಲುತ್ತಿರಲಿಲ್ಲ.

"ಹರಪನಹಳ್ಳಿ ಸೋಮಶೇಖರ್ ಒಂದು ಮಾಡಿಕೊಟ್ರು, ಕೂಡಲಿಲ್ಲರಿ. ಕೂದಲಷ್ಟು ಸಂದಿ. ಹೊಡದ್ರ ಕೈ ಜುಮ್ ಅಂತೈತಿ."

ಸೋಮಶೇಖರ್ ಇದೇ ಶೆಡ್ಡಿನಲ್ಲಿ ಕಲಿತು, ಒಂದು ಮಾತೂ ಹೇಳದೆ ಹೋಗಿ ಅಂಗಡಿ ಹಾಕಿದವನು.

"ಹೊಸಾದು ತಗೋ," ಎಂದ ಗುರುಮೂರ್ತಿ.

"ಹೊಸಾದಕ್ಕ ಚೆಂಡು ನನ್ನ ಮಾತು ಕೇಳಂಗಿಲ್ಲರಿ."

ದುರುಗೇಶ್ ಹಿಡಿಯ ತುಂಡನ್ನು ಅಲ್ಲೇ ಬಿಟ್ಟು ಹೋದ. ಆ ಸಂಜೆ ಅನ್ನದಾನಮ್ಮ ಸೋಮಶೇಖರನಿಗೆ ಕಾಗದ ಬರೆದಳು: 'ಟ್ಯಾಪ್ ಕಳಿಸುತ್ತಿದ್ದೇನೆ. ನಮ್ಮ ಕೋಲು ತಂದವರನ್ನು ಬರಿಗೈಲಿ ಕಳಿಸಬೇಡ.'

ಗುರುಮೂರ್ತಿ ಓದಿ ಮಡಚಿಟ್ಟ. "ಅವನ ಕೈಗೆ ಬ್ಯಾಡ. ನನ್ನ ಜೊತಿಗೇ ಹೋಗ್ಲಿ."

* * *

"ಅಣ್ಣಗ ಮಾತು ಕೊಟ್ಟೀರಿ," ಎಂದ ಪಂಚಾಕ್ಷರಪ್ಪ.

"ಅವರು ಹೇಳಿದ್ರು. ನಾನು ಹೂಂ ಅಂದಿಲ್ಲ."

"ಸತ್ತವರ ಮಾತು ಮೀರ್ತೀರೇನು?"

"ಇದ್ದಾಗ ಮೀರಲಿಲ್ಲ, ಪಂಚಣ್ಣ. ವರ್ಷ ತಡದೆ. ಅವರ ಕೋಲು ಹಡಗಲಿ ಮಟ ಅದಾವ. ಮುರದಂಗೆಲ್ಲ ಒಲಿಗೆ ಹೋಗಬೇಕೇನು? ಇವತ್ತ ಇವರೊಬ್ಬರನ್ನ ಕಳಸೋದ ಸಾಕಾಗೈತಿ ನನಗ."

ಪಂಚಾಕ್ಷರಪ್ಪ ಮಣ್ಣಿನ ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರ ಮುಖ ನೋಡಿದ. ಅವರು ಪಡಸಾಲೆಯಲ್ಲಿ ಗುರುಮೂರ್ತಿಯ ಕೊರಳಿನ ಹೂವಿನ ಹಾರ ಸರಿಪಡಿಸುತ್ತಿದ್ದರು.

"ಹೋಗೋವನ ಕೈಯಾಗ ಲಿಂಗ ಐತಿ. ಮತ್ತೇನು ಬೇಕಪ್ಪ? ಏಳ್ರಿ, ಹೊತ್ತು ಏರತೈತಿ."

ಮಣ್ಣು ಮುಗಿಸಿ ಬಂದ ಮೇಲೆ ಅನ್ನದಾನಮ್ಮ ಬಾಗಿಲಲ್ಲಿ, ಮಣ್ಣಿಗೆ ಬಂದಿದ್ದ ದುರುಗೇಶನನ್ನು ತಡೆದಳು. ಟ್ಯಾಪನ್ನು ಹೋದ ವರ್ಷ ಬರೆದಿಟ್ಟ ಆ ಕಾಗದದಲ್ಲೇ ಸುತ್ತಿ ಅವನ ಅಂಗೈಗೆ ಒತ್ತಿದಳು.

"ಸೋಮಶೇಖರನ ಕೈಗೇ ಕೊಡು."

"ನಾಳಿ ಹೋಗ್ತೀನಮ್ಮ. ಇವತ್ತ ಹೆಂಗ..."

"ಇವತ್ತ ಹೋಗು. ನಾಳಿ ನನಗ ಧೈರ್ಯ ಇರ್ತೈತೋ ಇಲ್ಲೋ."

ಶೆಡ್ಡಿನಿಂದ ಅವನ ಹಿಡಿಯ ತುಂಡನ್ನೂ ತಂದುಕೊಟ್ಟಳು. ಅವನು ಅದನ್ನು ಬೆನ್ನಿನ ಚೀಲಕ್ಕೆ ಸಿಕ್ಕಿಸಿಕೊಂಡು ಬೈಕ್ ಹತ್ತಿದ. ಹರಪನಹಳ್ಳಿ ರಸ್ತೆಗೆ ತಿರುಗುವಾಗ ಚೀಲದಿಂದ ಮೇಲೆದ್ದ ಹಿತ್ತಾಳೆ ತಿರುಪು ಬಿಸಿಲಿಗೆ ಒಮ್ಮೆ ಹೊಳೆಯಿತು.