ಹಲಗೆ ನೆಲದ ಮೇಲೆ ಟರ್ನ್‌ಟೇಬಲ್

೧

ಎಲ್ಲಿಂದ ಶುರು ಮಾಡಲಿ? ಅಂಗಡಿಯಿಂದಲೋ, ಜಗಳದಿಂದಲೋ? ಜಗಳದಿಂದ ಶುರು ಮಾಡಿದರೆ ನೀವು ಓದುತ್ತೀರಿ, ಅದು ನನಗೆ ಗೊತ್ತು. ಆದರೆ ಕಥಾನಾಯಕ ಒಪ್ಪುತ್ತಿಲ್ಲ. "ಮೊದಲು ಮಷೀನು ತೋರಿಸಿ ಸ್ವಾಮಿ, ಆಮೇಲೆ ಬೇಕಾದ್ರೆ ನನ್ನ ಮಾನ ಕಳೀರಿ" ಅನ್ನುತ್ತಿದ್ದಾನೆ. ಆಯಿತಪ್ಪ.

ಅವನು ಲಿಫ್ಟ್ ಮೆಕ್ಯಾನಿಕ್. ಊರೆಲ್ಲ ಅವನನ್ನು ಲಿಫ್ಟಪ್ಪ ಅಂತಲೇ ಕರೆಯುತ್ತದೆ. ತಾನು ಕೂರಿಸಿದ ಲಿಫ್ಟಿನಲ್ಲಿ ತುಂಬಿದ ಲೋಟ ಹಿಡಿದು ನಿಂತರೂ ನೀರು ತುಳುಕಬಾರದು, ಅದು ಅವನ ಹಠ. ರೆಕಾರ್ಡ್ ಹಾಡಿಸುವ ಟರ್ನ್‌ಟೇಬಲ್ ಕೊಳ್ಳಲು ಹೋದಾಗಲೂ ಅದೇ ಗತ್ತು. ಅಂಗಡಿಯವನು ಹೊಳಪು, ಲೈಟು, ರಿಮೋಟು ಅಂತ ಹೊಗಳುತ್ತಿದ್ದರೆ ಇವನು ಒಂದೊಂದು ತಿರುಗುವ ಮಷೀನಿನ ಪೆಟ್ಟಿಗೆಗೂ ಅಂಗೈ ಒತ್ತಿ ಕಣ್ಣು ಮುಚ್ಚಿದ. "ಇದರ ಮೋಟಾರು ತಟ್ಟೆಯ ಕೆಳಗೇ ಕೂತು ಗುಂಯ್ ಅಂತಿದೆ. ಬೇಡ." ಕೊನೆಗೆ ಆರಿಸಿದ್ದು, ಮೋಟಾರು ದೂರ ಕೂತು ಬೆಲ್ಟಿನಿಂದ ತಟ್ಟೆ ತಿರುಗಿಸುವಂಥದ್ದನ್ನು. ತಟ್ಟೆಯೋ, ಎರಡೂ ಕೈ ಹಾಕಿ ಎತ್ತಬೇಕು. "ಸಾರ್, ಕಿವಿ ಇರೋರು ಮಾತ್ರ ಇದನ್ನ ಆರಿಸೋದು" ಅಂದ ಅಂಗಡಿಯವನು. (ಎಲ್ಲ ಗಿರಾಕಿಗೂ ಹಾಗೇ ಅನ್ನುತ್ತಾನೆ. ಲಿಫ್ಟಪ್ಪನಿಗೆ ಹೇಳಬೇಡಿ.)

೨

ಮನೆಯಲ್ಲಿ ಹಲಗೆ ನೆಲ. ರೆಕಾರ್ಡ್ ಹಾಕಿ, ಸೂಜಿ ಇಳಿಸಿ, ಕುರ್ಚಿಗೆ ಒರಗಿ ಮೀಸೆ ತಿರುವುವಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಧಡ್, ಧಡ್. ಸೂಜಿ ಹಾರಿ ಹಾಡಿನ ನಡುವಿಗೆ ಬಿತ್ತು.

ಹೆಂಡತಿ ಹುಡುಗಿಯರ ಶಾಲೆಯಲ್ಲಿ ಪಿ.ಟಿ. ಟೀಚರ್. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ದಿನಾ ಹೇಳುವ ಮಾತು, "ಹಿಮ್ಮಡಿ ಊರಿ ನಡೀರೇ! ನೆಲಕ್ಕೆ ಗೊತ್ತಾಗ್ಲಿ ನೀವು ಬಂದ್ರಿ ಅಂತ." ಅವಳ ನಡಿಗೆಯೂ ಹಾಗೇ.

ಲಿಫ್ಟಪ್ಪ ಗೋದಾಮಿನಿಂದ ರಬ್ಬರ್ ಪ್ಯಾಡ್ ತಂದ. ಲಿಫ್ಟಿನ ಮೋಟಾರಿನ ಅಡಿಗೆ ಹಾಕುವ ದಪ್ಪ ಕರಿ ಪ್ಯಾಡು. "ಆನೆಯಂಥ ಮೋಟಾರಿನ ನಡುಕವನ್ನೇ ನುಂಗುತ್ತೆ ಇದು. ನಿನ್ನ ಕಾಲು ಯಾವ ಲೆಕ್ಕ?" ಟರ್ನ್‌ಟೇಬಲ್ಲಿನ ಕೆಳಗೆ ನಾಲ್ಕು ಮೂಲೆಗೂ ಇಟ್ಟ. ಅವಳು ನಡೆದಳು. ಸೂಜಿ ಹಾರಿತು.

"ಪ್ಯಾಡು ಸರಿಯಾಗೇ ಇದೆ ಕಣೇ. ನಿನ್ನ ಕಾಲೇ ಜೋರು. ಸ್ವಲ್ಪ ಮೆತ್ತಗೆ ನಡಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ" ಅಂದಳು. ಆದರೂ ಅವನ ಮುಖ ನೋಡಿ ಪಾಪ ಅನ್ನಿಸಿ ಮನೆಯೊಳಗೆ ತುದಿಗಾಲಲ್ಲಿ ಓಡಾಡತೊಡಗಿದಳು.

೩ (ಒಮ್ಮೆ ಹರಿದು ಮತ್ತೆ ಬರೆದದ್ದು)

ಮೊದಲ ಕರಡಿನಲ್ಲಿ ಕಥೆ ಇಲ್ಲೇ ಮುಗಿದಿತ್ತು. ಅವಳು ತುದಿಗಾಲಲ್ಲಿ, ಅವನು ಹಾಡಿನಲ್ಲಿ, ಕಿಟಕಿಯಲ್ಲಿ ಸಂಜೆ ಬೆಳಕು, ದಾಂಪತ್ಯದ ಮಧುರ ಹೊಂದಾಣಿಕೆ. ಎಂಥಾ ಬರಹಗಾರ ನಾನು ಅಂತ ನನಗೇ ಕಣ್ಣು ತುಂಬಿ ಬಂದಿತ್ತು.

ಟೀಚರ್ ಓದಿ ಸೀಟಿ ಊದಿದಳು.

"ಯಾರ್ರೀ ಇದನ್ನ ಬರೆದಿದ್ದು?"

"ನಾನೇ, ಮೇಡಂ."

"ಹೊಂದಾಣಿಕೆಯಂತೆ, ಹೊಂದಾಣಿಕೆ! ಇವತ್ತು ಗ್ರೌಂಡಲ್ಲಿ ಏನಾಯ್ತು ಅಂತ ಬರೀರಿ, ಧೈರ್ಯ ಇದ್ರೆ."

ಬರೆಯುತ್ತೇನೆ. ಕ್ರೀಡಾಕೂಟದ ತಾಲೀಮು. ಟೀಚರ್ ಮುಂದೆ, ಹುಡುಗಿಯರು ಹಿಂದೆ. ಅರ್ಧ ಮೈದಾನ ದಾಟಿ ತಿರುಗಿ ನೋಡಿದರೆ ಇಡೀ ಸಾಲು ತುದಿಗಾಲಲ್ಲಿ ಕಳ್ಳಬೆಕ್ಕಿನ ಹಾಗೆ ಬರುತ್ತಿದೆ.

"ಏನ್ರೇ ಇದು, ಆಟ ಆಡ್ತಿದೀರಾ?"

"ನೀವು ನಡೆದ ಹಾಗೇ ಮಿಸ್."

ಯಾರೂ ಗೇಲಿ ಮಾಡಿರಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು. ಇಷ್ಟು ವರ್ಷ ಹೆಮ್ಮೆಯಿಂದ ನಡೆದ ನಡಿಗೆ ಅವಳಿಗೇ ಗೊತ್ತಾಗದ ಹಾಗೆ ಕೈಬಿಟ್ಟು ಹೋಗುತ್ತಿತ್ತು. ಹೆದರಿಕೆಯಾಯಿತು ಅವಳಿಗೆ, ನಿಜವಾದ ಹೆದರಿಕೆ.

೪

ಜಗಳ ಬಂತು. (ಕಾದಿದ್ದಿರಲ್ಲ.)

"ರೀ, ಆ ಪ್ಯಾಡಿನ ಮೇಲೆ ಎಷ್ಟು ಭಾರ ಕೂರಿಸ್ತೀರಿ?"

"ಟನ್ ಲೆಕ್ಕದಲ್ಲಿ ಕಣೇ, ಟನ್!" ಎದೆಯುಬ್ಬಿಸಿದ.

"ನಮ್ಮ ಜಿಮ್‌ನಲ್ಲಿ ಸ್ಪ್ರಿಂಗ್ ಬೋರ್ಡ್ ಇದೆ. ದೊಡ್ಡ ಹುಡುಗಿ ಹತ್ತಿದ್ರೆ ಬಾಗುತ್ತೆ. ಪುಟ್ಟ ಹುಡುಗಿ ಹತ್ತಿದ್ರೆ ಕಲ್ಲು. ನಿಮ್ಮ ಪ್ಯಾಡಿಗೆ ಈ ಮಷೀನು ಪುಟ್ಟ ಹುಡುಗಿ. ಪ್ಯಾಡು ಕುಗ್ಗೋದೇ ಇಲ್ಲ, ಇನ್ನು ನಡುಕ ನುಂಗೋದು ಎಲ್ಲಿಂದ ಬಂತು? ಕುಣಿಯಲಾರದ ಸೂಜಿ ನೆಲ ಡೊಂಕು ಅಂದಿತಂತೆ!"

ಲಿಫ್ಟಪ್ಪ ಬಗ್ಗಿ ಪ್ಯಾಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಭಾರಕ್ಕೆ ತಕ್ಕ ಪ್ಯಾಡು ಹಾಕಬೇಕು ಅಂತ ಕೆಲಸ ಕಲಿಯಲು ಬಂದವರಿಗೆಲ್ಲ ಪಾಠ ಹೇಳಿದವನು ಅವನೇ.

ಇಲ್ಲಿ ನಾನು ಅವನಿಗೆ ಎರಡು ಪುಟದ ಕ್ಷಮಾಪಣೆ ಬರೆದುಕೊಟ್ಟೆ. "ಇಷ್ಟುದ್ದ ಬೇಡ ಸ್ವಾಮಿ" ಅಂತ ವಾಪಸ್ ಕೊಟ್ಟು ಅವಳ ಕಡೆ ತಿರುಗಿದ. "ತಪ್ಪು ನನ್ನದೇ ಕಣೇ. ನನ್ನ ಹೆಂಡತಿಗೆ ಎಂಥಾ ತಲೆ ಇದೆ ಅಂತ ನಾಳೆ ವರ್ಕ್‌ಶಾಪಲ್ಲಿ ಎಲ್ಲರಿಗೂ ಹೇಳ್ತೀನಿ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ. ಅವಳ ಜಾಣತನಕ್ಕೂ ಇವನೇ ಬೀಗಿದ.

ಪ್ಯಾಡು ಕಿತ್ತೆಸೆದ. ಮಕ್ಕಳ ಸೈಕಲ್ಲಿನ ಟ್ಯೂಬಿಗೆ ಅರ್ಧಂಬರ್ಧ ಗಾಳಿ ತುಂಬಿ, ಮೇಲೊಂದು ಹಲಗೆ, ಅದರ ಮೇಲೆ ಟರ್ನ್‌ಟೇಬಲ್. ಬೆರಳಲ್ಲಿ ಒತ್ತಿದರೆ ಮೆಲ್ಲಗೆ ತೂಗಿ ನಿಂತಿತು. ರಸಮಟ್ಟ ಇಟ್ಟು ನೋಡಿ ಓರೆಯಿಲ್ಲದ ಹಾಗೆ ಸರಿ ಮಾಡಿದ.

೫

ಮುಕ್ತಾಯ ಒಂದು: ಅವಳು ನಡೆದಳು, ಸೂಜಿ ಅಲುಗಲಿಲ್ಲ. (ಟ್ಯೂಬಿನ ಜಾಹೀರಾತು.)

ಮುಕ್ತಾಯ ಎರಡು: ಅವಳು ನಡೆದಳು, ಸೂಜಿ ಹಾರಿತು, ಇಬ್ಬರೂ ನಕ್ಕರು. (ಇದನ್ನು ನಾನು ಈಗಾಗಲೇ ಮೂರು ಕಥೆಗೆ ಹಾಕಿದ್ದೇನೆ.)

ನಡೆದದ್ದು ಇಷ್ಟು. ರೆಕಾರ್ಡ್ ತಿರುಗುತ್ತಿತ್ತು. "ನಿನ್ನ ನಡಿಗೇನೇ ನಡಿ" ಅಂದ ಲಿಫ್ಟಪ್ಪ.

"ಸೂಜಿ ಹಾರಿದ್ರೆ?"

"ಹಾರ್ಲಿ ಬಿಡು."

ಅವಳು ಅಡುಗೆಮನೆ ಬಾಗಿಲಿಂದ ಹೊರಟಳು. ಮೊದಲ ಹೆಜ್ಜೆ ಬೆರಳ ತುದಿಯ ಮೇಲೇ ಬಿತ್ತು. "ಥೂ" ಅಂದಳು. ವಾಪಸ್ ಹೋಗಿ ಬೆನ್ನು ನೆಟ್ಟಗೆ ಮಾಡಿ ನಿಂತು ಹಿಮ್ಮಡಿ ಊರಿದಳು. ಧಡ್. ಕಿಟಕಿಯ ಗಾಜು ಅದುರಿತು. ಧಡ್, ಧಡ್, ಟರ್ನ್‌ಟೇಬಲ್ ದಾಟಿ, ಗೋಡೆಯವರೆಗೂ.

ನಾನು ಲಿಫ್ಟಪ್ಪನನ್ನು ಹಿಡಿದುಕೊಂಡೆ. "ಓದುಗರು ಕಾಯ್ತಿದ್ದಾರೆ ಕಣಯ್ಯ. ಸೂಜಿ ಹಾರಿತಾ, ಇಲ್ವಾ?"

"ಗೊತ್ತಿಲ್ಲ ಸ್ವಾಮಿ."

"ಗೊತ್ತಿಲ್ಲ ಅಂದ್ರೆ? ಅಲ್ಲೇ ಕೂತಿದ್ದೆಯಲ್ಲೋ!"

"ಅವಳು ನಡೀತಿದ್ಲಲ್ಲ" ಅಂದ. "ಹಾಡು ಯಾರು ಕೇಳ್ತಾರೆ?"