ಫಿರಂಗಿ ಮೇಡಂ ಕಲಿಸಿದ ಮುಷ್ಟಿ

ಊಟಕ್ಕೆ ಕೂತಿದ್ದಾಗ ನನ್ನ ಮಗಳು ಅವಳ ಅಜ್ಜಿಗೆ ಮುಷ್ಟಿ ತೋರಿಸಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿದು, ಏನೋ ಹೇಳುತ್ತಿದ್ದರು. ಇವಳು ಕೈ ಮೇಲೆತ್ತಿ, ಬೆರಳು ಬಿಗಿಯಾಗಿ ಮಡಚಿ, ಅವರ ಕಡೆಗೇ ಹಿಡಿದಳು. ಮುಖದಲ್ಲಿ ನಗುವಿಲ್ಲ.

"ನೋಡೇ, ನೋಡು ನಿನ್ನ ಮಗಳ್ನ! ಹಲ್ಲಿಲ್ಲದ ಮುದುಕಿಗೆ ಗುದ್ದೋಕೆ ಬರ್ತಾಳೆ!"

"ಇದು ಆ ಫಿರಂಗಿ ಮೇಡಂ ಕೆಲಸ," ಎಂದೆ ನಾನು. ಇನ್ಯಾರು ಕಲಿಸುತ್ತಾರೆ ಇಂಥದ್ದನ್ನೆಲ್ಲ?

ಫಿರಂಗಿ ಮೇಡಂ ಎಂದರೆ ಆ ವರ್ಷ ಶಾಲೆಗೆ ಬಂದ ಭೂಗೋಳದ ಟೀಚರ್. ಸೈನ್ಯದಲ್ಲಿ ಫಿರಂಗಿ ಹಾರಿಸುವ ದಳದಲ್ಲಿ ಇದ್ದವಳಂತೆ, ಮಕ್ಕಳೇ ಇಟ್ಟ ಹೆಸರು. ಗಂಡಸರಿಗಿಂತ ನೆಟ್ಟಗೆ ನಡೆಯುತ್ತಾಳೆ. ಅಷ್ಟು ವರ್ಷ ಸೈನ್ಯದಲ್ಲಿದ್ದವಳು ಅದನ್ನು ಬಿಟ್ಟು ನಮ್ಮ ಓಣಿಯ ಮಕ್ಕಳಿಗೆ ನದಿ, ಬೆಟ್ಟ ತೋರಿಸಲು ಯಾಕೆ ಬಂದಳು? ಈ ಪ್ರಶ್ನೆ ನನಗೆ ಮೊದಲ ದಿನವೇ ಬಂದಿತ್ತು. ಹೊಸ ಹುಡುಗ ಹುಡುಗಿಯರನ್ನು ಆರಿಸಿ ಕಳಿಸಲು ಬಂದಿದ್ದಾಳೆ ಎಂದು ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ.

ನನ್ನ ಟೈಲರ್ ಅಂಗಡಿ ಶಾಲೆಯ ಎದುರಿಗೇ. ಮಿಷನ್ ಮುಂದೆ ಕೂತರೆ ಅವಳ ತರಗತಿಯ ಕಿಟಕಿ ನೇರ ಕಾಣುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಉಳಿದ ತರಗತಿಗಳೆಲ್ಲ ಸಂತೆ, ಅವಳದ್ದರಲ್ಲಿ ಪಿಟಕ್ಕೆನ್ನುವವರಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಮುಷ್ಟಿ ಎತ್ತಿದರೆ ಅವಳು ಮಾತು ನಿಲ್ಲಿಸುತ್ತಾಳೆ. ಅವಳು ಅಂಗೈ ಕೆಳಗೆ ಒತ್ತಿದರೆ ಎಲ್ಲರೂ ಕೂರುತ್ತಾರೆ. ಇದೇನು ಪಾಠವೋ ಕವಾಯತೋ?

ಅಂಗಡಿಗೂ ಬಂದಿದ್ದಳು, ಪ್ಯಾಂಟಿನ ಕಾಲು ಗಿಡ್ಡ ಮಾಡಿಸುವ ನೆಪದಲ್ಲಿ. ನಾನು ಅವಳ ಕಾಲ ಬುಡದಲ್ಲಿ ಕೂತು ಪಿನ್ನು ಚುಚ್ಚುತ್ತ, ಎಷ್ಟು ಮಡಚಬೇಕು ಎಂದು ಮತ್ತೆ ಮತ್ತೆ ಕೇಳಿದೆ. ಉತ್ತರವೇ ಇಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದಳು. ಅಬ್ಬಾ, ಎಂಥ ಜಂಬ! ಹೊರಡುವಾಗ ಮಾತ್ರ ಮೆಲ್ಲಗೆ, "ನಿಮ್ಮ ಮಗಳ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು," ಎಂದಳು.

"ಗಿರಾಕಿಗಳು ಕಾಯ್ತಿದ್ದಾರೆ ಮೇಡಂ," ಎಂದೆ. ಅಂಗಡಿಯಲ್ಲಿ ಒಂದು ನೊಣವೂ ಇರಲಿಲ್ಲ. ಮತ್ತೆ ಒಂದು ದಿನ ಗುಂಡಿ ಹಾಕಿಸಲು ಬಂದಳು. ಆಗಲೂ ನಾನು ಮುಖ ಕೊಟ್ಟು ಮಾತಾಡಲಿಲ್ಲ.

ನನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ನನ್ನ ತಮ್ಮ ಹೀಗೇ ಒಬ್ಬ ನಿವೃತ್ತ ಸೈನಿಕನ ಬೆನ್ನು ಹತ್ತಿ, ಅವನ ಕತೆ ಕೇಳಿ ಕೇಳಿ ಸೈನ್ಯ ಸೇರಿದ. ಪೆಟ್ಟಿಗೆಯಲ್ಲಿ ಮನೆಗೆ ಬಂದ. ಮುಚ್ಚಳ ತೆಗೆಯಬೇಡಿ ಎಂದರು. ಅವನ ಮುಖ ಕೊನೆಗೊಮ್ಮೆ ನೋಡಲಾಗಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಆರಿಲ್ಲ. ಇರುವವಳು ಒಬ್ಬಳೇ ಮಗಳು. ಅವಳನ್ನೂ ಹಾಗೆ ಕಳಿಸಿಕೊಡಲು ನನಗೇನು ಹುಚ್ಚೇ?

ಮಗಳನ್ನು ನಾವು ಗುಬ್ಬಿ ಎನ್ನುತ್ತೇವೆ. ಆ ಮೇಡಂ ಬಂದ ಮೇಲೆ ಗುಬ್ಬಿ ಬೆಳಿಗ್ಗೆ ಎದ್ದು ಓಡತೊಡಗಿದಳು. ಜಡೆ ಕತ್ತರಿಸಿಕೊಂಡಳು, ಅದೂ ನಾನು ಬಟ್ಟೆಗಷ್ಟೇ ಬಳಸುವ ಕತ್ತರಿಯಲ್ಲಿ. ಮೊದಲು ಹೀಗಿರಲಿಲ್ಲ. ಏನು ಹೇಳಿದರೂ "ಹೂಂ ಅಮ್ಮ" ಎನ್ನುವ ಹುಡುಗಿ, ಎದುರು ಮಾತೆಂದರೆ ಏನೆಂದೇ ಗೊತ್ತಿಲ್ಲ. ಓಣಿಯವರು ತಮ್ಮ ಮಕ್ಕಳಿಗೆ ಬೈಯುವಾಗ ಇವಳನ್ನೇ ತೋರಿಸುತ್ತಿದ್ದರು. ನಾನೂ ಕೇಳಿ ಬೀಗುತ್ತಿದ್ದೆ.

ಒಂದು ಸಂಜೆ ಯೂನಿಫಾರ್ಮಿನ ರಾಶಿ ಹೊಲಿಯುತ್ತ, ಬೆನ್ನ ಹಿಂದೆ ಕೂತು ಗುಂಡಿಗೆ ಕಾಜಾ ಹಾಕುತ್ತಿದ್ದ ಅವಳನ್ನು ಕೇಳಿಯೇಬಿಟ್ಟೆ. ಮಿಷನ್ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಮುಖ ನೋಡಿದರೆ ಧೈರ್ಯ ಉಳಿಯುತ್ತಿರಲಿಲ್ಲ.

"ಸೈನ್ಯ ಸೇರು ಅಂತ ಮೇಡಂ ಹೇಳಿದ್ರಾ?"

"ಹೂಂ."

"ಅಮ್ಮಂಗೆ ಹೇಳ್ಬೇಡ ಅಂದ್ರಾ?"

"ಹೂಂ ಅಮ್ಮ."

ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೇನು ಸಾಕ್ಷಿ ಬೇಕು?

ಮರುದಿನ ಊಟದ ಬಿಡುವಿನಲ್ಲಿ ಕುತ್ತಿಗೆಗೆ ಹಾಕಿಕೊಂಡ ಟೇಪನ್ನೂ ತೆಗೆಯದೆ ಶಾಲೆಗೆ ನುಗ್ಗಿದೆ. ಖಾಲಿ ತರಗತಿಯಲ್ಲಿ ಅವಳೊಬ್ಬಳೇ ನಕಾಶೆ ಸುತ್ತಿಡುತ್ತಿದ್ದಳು.

"ನನ್ನ ಮಗಳ ತಲೆ ಕೆಡಿಸೋಕೆ ನಿಮಗೆ ಸಂಬಳ ಕೊಡ್ತಾರಾ?" ಎಂದೆ.

ತಿರುಗಲೂ ಇಲ್ಲ. ನಾನು ಮೇಜು ಬಡಿದೆ. ಬೆಚ್ಚಿ ತಿರುಗಿದಳು. "ಓ, ನೀವಾ? ಈ ಕಡೆ ಬಂದು ಹೇಳಿ ಅಮ್ಮ. ಆ ಕಡೆ ಕಿವಿ ಸತ್ತುಹೋಗಿದೆ."

ನಾನು ಅವಳು ತೋರಿಸಿದ ಕಡೆಗೆ ಹೋಗಿ ಎಲ್ಲವನ್ನೂ ಹೇಳಿದೆ. ತಮ್ಮನನ್ನೂ ಎಳೆದು ತಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡಳು. "ಇಲ್ಲ ಅಂತ ಸುಳ್ಳು ಹೇಳ್ಬೇಡಿ, ನನ್ನ ಮಗಳೇ ಹೂಂ ಅಂದಿದ್ದಾಳೆ," ಎಂದು ಮುಗಿಸಿದೆ.

"ಅವಳು ಹೂಂ ಅಂದಾಗ ಮಿಷನ್ ಓಡ್ತಿತ್ತಾ?"

"ಓಡದೆ? ಅದೇ ನಮ್ಮ ಹೊಟ್ಟೆಪಾಡು."

"ನಿಮ್ಮ ಮುಖ ಅವಳಿಗೆ ಕಾಣ್ತಿತ್ತಾ?"

ಇದೇನು ವಕೀಲರ ಪ್ರಶ್ನೆ!

"ನಿಮ್ಮ ಮಗಳಿಗೆ ಸರಿಯಾಗಿ ಕಿವಿ ಕೇಳಿಸಲ್ಲ ಅಮ್ಮ," ಎಂದಳು. "ತುಟಿ ನೋಡಿ ಅರ್ಥ ಮಾಡ್ಕೋತಾಳೆ. ತುಟಿ ಕಾಣದಿದ್ರೆ ಹೂಂ ಅಂದುಬಿಡ್ತಾಳೆ. ಸೈನ್ಯದಲ್ಲಿ ಕೊನೆಕೊನೆಗೆ ನಾನೂ ಹಾಗೇ ಮಾಡ್ತಿದ್ದೆ. ಅದಕ್ಕೇ ನೋಡಿದ ಕೂಡ್ಲೇ ಗೊತ್ತಾಯ್ತು."

ಫಿರಂಗಿಯ ಪಕ್ಕ ನಿಂತು ನಿಂತು ಕಿವಿ ಹೋಗಿತ್ತಂತೆ. ಮುಚ್ಚಿಟ್ಟುಕೊಂಡು ದಿನ ದೂಡಿದಳಂತೆ, ಕೊನೆಗೆ ಡಾಕ್ಟರ ಮುಂದೆ ಸಿಕ್ಕಿಬಿದ್ದಳಂತೆ. ಮನೆಗೆ ಕಳಿಸಿದರು. "ಓದಿ ಟೀಚರ್ ಆದೆ. ಮೊದಲ ದಿನ ಮಕ್ಕಳು ನಕ್ಕಿದ್ದು ಕಾಣ್ತು, ಯಾಕೆ ಅಂತ ಕೇಳಿಸ್ಲಿಲ್ಲ. ಈ ಕೆಲಸಾನೂ ಹೋಯ್ತು ಅಂದ್ಕೊಂಡೆ. ಮಾರನೇ ದಿನ ಅವರಿಗೆ ನಮ್ಮ ಕೈಸನ್ನೆ ಕಲಿಸಿದೆ. ಗುಂಡಿನ ಸದ್ದಲ್ಲಿ ಅವೇ ನಮ್ಮ ಮಾತು. ಮುಷ್ಟಿ ಅಂದ್ರೆ ನಿಲ್ಲಿ. ತರಗತಿಯಲ್ಲಿ ಅದರ ಅರ್ಥ, ಸ್ವಲ್ಪ ನಿಲ್ಲಿ, ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ ಅಂತ."

ಒಳ್ಳೆ ಕತೆ ಕಟ್ಟುತ್ತಾಳೆ ಎಂದುಕೊಂಡೆ. "ಹಾಗಾದ್ರೆ ಆ ಓಟ? ಆ ಜಡೆ?"

"ಅದು ಅವಳದ್ದೇ ಆಸೆ. ನನ್ನ ಥರ ಆಗ್ಬೇಕಂತೆ." ಅವಳ ದನಿ ಇಳಿಯಿತು. "ಆ ಕಿವಿಗೆ ಸೈನ್ಯದವರು ಅವಳನ್ನ ಯಾವತ್ತೂ ತಗೊಳ್ಳಲ್ಲ. ಅದನ್ನ ಅವಳಿಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಮೊದಲು ನಿಮಗೆ ಹೇಳೋಣ ಅಂತ ಅಂಗಡಿಗೆ ಬಂದ್ರೆ ನೀವು ಗಿರಾಕಿ ಅಂದ್ರಿ. ನನ್ನ ಪ್ಯಾಂಟು ಸರಿಯಾಗೇ ಇತ್ತು."

ಯಾವತ್ತೂ ತಗೊಳ್ಳಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬದುಕಿದೆ ಎನಿಸಿತು. ಅಂಗಡಿಗೆ ಬರುವಷ್ಟರಲ್ಲಿ ಮತ್ತೆ ಅನುಮಾನ. ಹೆತ್ತ ತಾಯಿಗೆ ಗೊತ್ತಾಗದ್ದು ನಿನ್ನೆ ಮೊನ್ನೆ ಬಂದವಳಿಗೆ ಹೇಗೆ ಗೊತ್ತಾಯಿತು?

ಅಂದು ಸಂಜೆ ಗುಬ್ಬಿ ಕಿಟಕಿ ಕಡೆ ಮುಖ ಮಾಡಿ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಹಿಂದೆ ನಿಂತು, ಮಾಮೂಲಿ ದನಿಯಲ್ಲೇ ಹೇಳಿದೆ. "ಗುಬ್ಬಿ, ಅಜ್ಜಿ ಮರ ಹತ್ತಿ ಕೂತಿದ್ದಾರೆ. ಹೋಗಿ ಇಳಿಸ್ಕೊಂಡು ಬರ್ತೀಯಾ?"

"ಹೂಂ ಅಮ್ಮ," ಎಂದು ಅವಳು ಮಡಚುವುದನ್ನು ಮುಂದುವರಿಸಿದಳು.

ಮೂಲೆಯಲ್ಲಿದ್ದ ಅತ್ತೆ ಬೊಚ್ಚುಬಾಯಿ ತೆರೆದು ಗಹಗಹಿಸಿ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಏನಾಯ್ತೇ? ಯಾಕೆ ಹಾಗೆ ನಿಂತೆ?" ಎಂದರು. ಇಷ್ಟು ವರ್ಷ ನಾನು ಆ ಮಗುವಿನ ಬೆನ್ನಿಗೆ ಮಾತಾಡುತ್ತ, ಅವಳ ವಿಧೇಯತೆಯನ್ನು ಊರಿಗೆಲ್ಲ ಹೊಗಳಿಕೊಂಡು ಬಂದಿದ್ದೆ.

ಕಿವಿ ಡಾಕ್ಟರ ಹತ್ತಿರ ಹೋಗುವಾಗ ಮೇಡಂ ಕೂಡ ಬಂದರು. ಹೌದು, ಆ ಹೊತ್ತಿಗೆ ಅವರು ನನಗೆ 'ಬಂದಳು' ಆಗಿ ಉಳಿದಿರಲಿಲ್ಲ. ಎರಡೂ ಕಿವಿ ಮಂದ, ಹುಟ್ಟಿನಿಂದಲೇ ಇರಬಹುದು, ಇನ್ನು ಸರಿಯಾಗುವುದಿಲ್ಲ ಎಂದರು ಡಾಕ್ಟರು. ಕಿವಿ ಮಿಷನ್ ಹಾಕಿಸಿ ಕಳಿಸಿದರು.

"ಸೈನ್ಯದ ವಿಷಯ ಇವತ್ತೇ ಹೇಳ್ಬೇಕು, ಇಲ್ಲಾಂದ್ರೆ ಆಸೆ ಬೆಳೀತಾ ಹೋಗತ್ತೆ. ನಾನೇ ಹೇಳ್ಲಾ?" ಎಂದರು ಮೇಡಂ ಆಸ್ಪತ್ರೆಯ ಮೆಟ್ಟಿಲಲ್ಲಿ, ಗುಬ್ಬಿಗೆ ಕೇಳಿಸದ ದೂರದಲ್ಲಿ.

"ಬೇಡ ಮೇಡಂ. ತಾಯಿ ನಾನು, ನಾನೇ ಹೇಳ್ತೀನಿ."

ಅವರು ಬಸ್ಸಿಗೆ ಹೋದರು. ನಾವಿಬ್ಬರೂ ನಡೆದೆವು. ಗುಬ್ಬಿಗೆ ಹಬ್ಬವೋ ಹಬ್ಬ. ಸೈಕಲ್ ಬೆಲ್ ಆದರೆ ತಿರುಗುತ್ತಾಳೆ, ಕಾಗೆ ಕೂಗಿದರೆ ತಲೆ ಎತ್ತುತ್ತಾಳೆ, ತನ್ನ ಚಪ್ಪಲಿಯ ಸದ್ದಿಗೆ ತಾನೇ ನಗುತ್ತಾಳೆ. "ಅಮ್ಮ, ಇದನ್ನ ಹಾಕ್ಕೊಂಡು ಸೈನ್ಯದಲ್ಲಿ ಓಡಬಹುದು ತಾನೇ? ಬೀಳಲ್ಲ ಅಲ್ವಾ?"

ನಾನು ನಿಂತೆ. ಅವಳ ಎರಡೂ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಸೈನ್ಯದಲ್ಲಿ ನಿನ್ನನ್ನ ತಗೊಳ್ಳಲ್ಲ ಪುಟ್ಟಾ. ಕಿವಿ ಹೀಗಿದ್ರೆ ಯಾರನ್ನೂ ತಗೊಳ್ಳಲ್ಲ."

ನನ್ನ ಮಾತು ಅವಳಿಗೆ ಪೂರ್ತಿ ಕೇಳಿಸಿತು. ಮುಖದ ಬಣ್ಣ ಇಳಿಯಿತು.

"ಇದು ಡಾಕ್ಟರ್ ಹೇಳಿದ್ದಾ, ನೀನು ಅವರ ಹತ್ರ ಹೇಳಿಸಿದ್ದಾ?"

"ಏನೇ ಇದು, ಹೀಗ್ ಕೇಳ್ತೀಯಾ?"

"ಮೆಟ್ಟಿಲ ಹತ್ರ ಇಬ್ರೂ ಗುಸುಗುಸು ಮಾಡ್ತಿದ್ರಿ. ನಾನು ನೋಡ್ದೆ. ಮೇಡಂನೂ ನಿನ್ನ ಕಡೆ ಮಾಡ್ಕೊಂಡೆಯಾ? ನಾನು ಹೋಗ್ಬಾರ್ದು ಅಂತ ನಿನಗೆ ಮೊದಲಿಂದ್ಲೂ ಇತ್ತು."

ಜೀವನದಲ್ಲಿ ಮೊದಲ ಸಲ ಅವಳು ನನಗೆ ಎದುರು ಮಾತಾಡಿದಳು. ಆಣೆ ಮಾಡಿ ಹೇಳಬೇಕೆಂದು ಬಾಯಿ ತೆರೆದೆ. ಡಾಕ್ಟರ ಹತ್ತಿರ ನಾನು ಏನೂ ಹೇಳಿಸಿರಲಿಲ್ಲ, ಅದು ಸತ್ಯ. ಆದರೆ ನನಗೆ ಮೊದಲಿಂದಲೂ ಇತ್ತು ಎಂದಳಲ್ಲ, ಅದೂ ಸತ್ಯ. ಇವಳು ಹೋಗದ ಹಾಗೆ ಏನಾದರೂ ಆಗಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೇನೆ! ಆ ಮಾತು ನೆನಪಾಗಿ ನಾಲಿಗೆ ಹೊರಳಲಿಲ್ಲ. ನನ್ನ ಆ ತಡವರಿಕೆಯನ್ನು ಅವಳು ನೋಡಿದಳು. ಮುಖ ಓದುವುದರಲ್ಲಿ ಅವಳನ್ನು ಮೀರಿಸುವವರು ಯಾರು?

ನನ್ನ ಕೈ ಕೊಡವಿ ರಸ್ತೆಯ ಆ ಬದಿಗೆ ದಾಟಿ ನಡೆದಳು. "ಗುಬ್ಬಿ!" ಎಂದು ಕೂಗಿದೆ. ಮಿಷನ್ ಅವಳ ಕಿವಿಯಲ್ಲೇ ಇತ್ತು. ನನ್ನ ಕೂಗಿಗೆ ಆ ಬದಿಯ ಅಂಗಡಿಯವರೆಲ್ಲ ತಿರುಗಿ ನೋಡಿದರು, ಅವಳು ಮಾತ್ರ ತಿರುಗಲಿಲ್ಲ.